ಹಾಡಿಗೇಕೆ ನಾಲ್ಕು ಪುಟ?

ಮಕ್ಕಳ ಕಳ್ಳಸಾಗಣೆಯ ವಿರುದ್ಧ ಜಾಗೃತಿ ಮೂಡಿಸಲು ನಡೆದ ಕಲೆ ಮತ್ತು ಸಂಸ್ಕೃತಿ ಉತ್ಸವದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ನಾಲ್ಕು ಪುಟಗಳ ವರದಿ ಪ್ರಕಟಿಸಿದ್ದಕ್ಕೆ ಓದುಗರೊಬ್ಬರು ನೊಂದು ಪತ್ರ ಬರೆದಿದ್ದಾರೆ. "ಮಕ್ಕಳು ಮಾರಾಟವಾಗುತ್ತಿರುವಾಗ ಹಾಡು, ಕುಣಿತ, ನಾಟಕ ಯಾವ ಪುರುಷಾರ್ಥಕ್ಕೆ? ಆ ಹಣವನ್ನು ಪುನರ್ವಸತಿ ಕೇಂದ್ರಕ್ಕೆ ಕೊಟ್ಟಿದ್ದರೆ ನಾಲ್ಕು ಮಕ್ಕಳಿಗಾದರೂ ಆಸರೆಯಾಗುತ್ತಿತ್ತು" ಎಂಬುದು ಅವರ ವಾದ. ವರದಿಯ ಜೊತೆ ಅಚ್ಚಾದ ಬಾಗಿಲಿನ ಚಿತ್ರವನ್ನು ಬಿಡಿಸಿದ ಬಾಲಕಿಯ ಹೆಸರನ್ನೂ ಫೋಟೋವನ್ನೂ ಏಕೆ ಹಾಕಲಿಲ್ಲ ಎಂದೂ ಕೇಳಿದ್ದಾರೆ.

ಮಾನ್ಯರೇ, ನಿಮ್ಮ ಸಂಕಟ ಪ್ರಾಮಾಣಿಕವಾದುದು. ಪಾರಾಗಿ ಬಂದ ಮಗುವಿಗೆ ಮಲಗಲು ಜಾಗ, ಊಟ, ಔಷಧ, ವಕೀಲರು, ಸಾವಧಾನದಿಂದ ಮಾತು ಕೇಳಿಸಿಕೊಳ್ಳುವ ಒಬ್ಬರು ಬೇಕು. ಅದಕ್ಕೆ ದುಡ್ಡು ಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಹೇಳುವುದೆಲ್ಲ ಮಗು ಕೈತಪ್ಪಿ ಹೋದ ಮೇಲಿನ ಕೆಲಸ. ಕೈತಪ್ಪುವ ಆ ಗಳಿಗೆಯಲ್ಲಿ ಅಲ್ಲಿ ಪೊಲೀಸರು ಇರುವುದಿಲ್ಲ, ನ್ಯಾಯಾಧೀಶರು ಇರುವುದಿಲ್ಲ. ಮನೆಯವರು, ಮಗು ಮತ್ತು ನಗುಮುಖದ ಒಬ್ಬ ಪರಿಚಿತ, ಇಷ್ಟೇ ಜನ. ಮಕ್ಕಳನ್ನು ಸಾಗಿಸುವವರಲ್ಲಿ ಬಂಧುಗಳೂ ನೆರೆಯವರೂ ಎಷ್ಟೋ ಸಲ ಇರುತ್ತಾರೆ ಎಂಬುದನ್ನು ಈ ಕ್ಷೇತ್ರದಲ್ಲಿ ದುಡಿಯುವವರೆಲ್ಲ ಬಲ್ಲರು.

ಮಾನವ ಕಳ್ಳಸಾಗಣೆ ತಡೆಯಲು 2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಪ್ಪಂದವಾದ ಪಾಲೆರ್ಮೊ ಪ್ರೋಟೋಕಾಲ್ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದೆ: ಹದಿನೆಂಟು ತುಂಬದವರನ್ನು ಶೋಷಣೆಗೆಂದು ಕರೆದೊಯ್ದರೆ, ಬಲವಂತವಾಗಲಿ ಮೋಸವಾಗಲಿ ನಡೆಯದಿದ್ದರೂ ಅದು ಕಳ್ಳಸಾಗಣೆಯೇ, ಮಗುವಿನ ಒಪ್ಪಿಗೆಗೆ ಅಲ್ಲಿ ಬೆಲೆಯಿಲ್ಲ. ಇಷ್ಟು ವರ್ಷಗಳಾದರೂ "ಒಪ್ಪಿಕೊಂಡೇ ಹೋದಳಲ್ಲ" ಎಂಬ ಮಾತು ವಿದ್ಯಾವಂತರ ಬಾಯಿಂದಲೂ ಬರುತ್ತದೆ. ಕಾನೂನಿನ ಪುಸ್ತಕದಲ್ಲಿರುವ ಆ ಸಾಲು ಎದೆಗೆ ಇಳಿಯಬೇಕಾದರೆ ಯಾರಾದರೂ ಅದನ್ನು ಕಣ್ಣೆದುರು ನಡೆಸಿ ತೋರಿಸಬೇಕು.

ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಬ್ರೆಜಿಲ್‌ನ ಆಗಸ್ಟೊ ಬೋಲ್ 1970ರ ದಶಕದಲ್ಲಿ ರೂಪಿಸಿದ ಫೋರಂ ರಂಗಭೂಮಿಯಲ್ಲಿ ಪ್ರೇಕ್ಷಕರು ನಾಟಕವನ್ನು ನಡುವೆಯೇ ನಿಲ್ಲಿಸಿ, ವೇದಿಕೆಗೆ ಬಂದು, ಪಾತ್ರವನ್ನು ತಾವೇ ವಹಿಸಿಕೊಳ್ಳಬಹುದು. ಹಾಗೆ ಆಡಿದ ನಾಟಕವೊಂದರಲ್ಲಿ ದೂರದ ನೆಂಟನೊಬ್ಬ ಹೊಸ ಬೂಟು ತಂದು ಹುಡುಗಿಯ ಕಾಲಿಗೆ ತಾನೇ ತೊಡಿಸಿ, ನಗರದಲ್ಲಿ ಓದಿಸುತ್ತೇನೆಂದು ನಂಬಿಸುತ್ತಾನೆ. ಸಭೆಯಲ್ಲಿದ್ದ ಹನ್ನೆರಡರ ಆಸುಪಾಸಿನ ಹುಡುಗಿಯೊಬ್ಬಳು "ನಿಲ್ಲಿಸಿ" ಎಂದಳು. ವೇದಿಕೆಗೆ ಹೋಗಿ ಕುಳಿತು, ಬೂಟಿನ ದಾರ ಬಿಚ್ಚುತ್ತಾ, ತಲೆ ಎತ್ತದೆಯೇ ಕೇಳಿದಳು: "ಯಾವ ಶಾಲೆ ಅಂತ ಹೇಳಿ. ನಮ್ಮ ಟೀಚರ್ ಈಗಲೇ ಅಲ್ಲಿಗೆ ಫೋನ್ ಮಾಡಲಿ." ಅಲ್ಲಿಯವರೆಗೆ ಎಲ್ಲದಕ್ಕೂ ಉತ್ತರವಿದ್ದ ಆ ನಟನಿಗೆ ಮಾತು ತಡವರಿಸಿತು. ಕುಳಿತಿದ್ದ ಇನ್ನೂರು ಮಕ್ಕಳು ಅದನ್ನು ಕಂಡರು. ಯಾವ ಕರಪತ್ರಕ್ಕೆ ಈ ಶಕ್ತಿಯಿದೆ, ಹೇಳಿ?

ಕಲೆಯೇ ಆಮಿಷವಾಗಿದ್ದ ಕಾಲವೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಬಡ ಹಳ್ಳಿಗಳಿಂದ ಮಕ್ಕಳನ್ನು ಹೆತ್ತವರಿಂದ ಕರಾರಿನ ಮೇಲೆ ಪಡೆದು, ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳ ಬೀದಿಗಳಲ್ಲಿ ಹಾರ್ಪ್ ಮತ್ತು ಪಿಟೀಲು ನುಡಿಸಲು ಬಿಡುತ್ತಿದ್ದ ದಣಿಗಳಿದ್ದರು. ಅವರನ್ನು ಪದ್ರೋನೆ ಎನ್ನುತ್ತಿದ್ದರು. ದಾರಿಹೋಕರು ಹಾಡು ಕೇಳಿ ಮೆಚ್ಚಿ ಕಾಸು ಹಾಕಿದರು, ಕಾಸು ದಣಿಯ ಕೈ ಸೇರಿತು. 1873ರಲ್ಲಿ ಇಟಲಿಯೂ 1874ರಲ್ಲಿ ಅಮೆರಿಕವೂ ಇದರ ವಿರುದ್ಧ ಕಾನೂನು ತಂದವು. ಮಗುವಿನ ಕಲೆಯನ್ನು ಮೆಚ್ಚುತ್ತಾ ಮಗುವನ್ನೇ ಮರೆಯುವುದು ಎಷ್ಟು ಸುಲಭ ಎಂಬುದನ್ನು ಉತ್ಸವ ನಡೆಸುವವರೂ ನೆನಪಿಡಬೇಕು. ಇನ್ನೊಂದು ಕಡೆ, 1788ರಲ್ಲಿ ಬ್ರಿಟನ್ನಿನಲ್ಲಿ ಅಚ್ಚಾದ 'ಬ್ರೂಕ್ಸ್' ಹಡಗಿನ ನಕ್ಷೆಯನ್ನು ನೋಡಿ. ಗುಲಾಮರನ್ನು ಸಾಲು ಸಾಲಾಗಿ ಒತ್ತಿ ಮಲಗಿಸಿದ್ದನ್ನು ಅದು ರೇಖೆಗಳಲ್ಲಿ ತೋರಿಸಿತು. ಗುಲಾಮ ವ್ಯಾಪಾರದ ವಿರುದ್ಧದ ಹೋರಾಟ ಅದನ್ನು ಎಲ್ಲೆಡೆ ಹಂಚಿತು. 1908ರಿಂದ ಅಮೆರಿಕದ ಗಿರಣಿಗಳಲ್ಲಿ ದುಡಿಯುವ ಮಕ್ಕಳನ್ನು ಕ್ಯಾಮೆರಾದಲ್ಲಿ ಹಿಡಿದ ಲೂಯಿಸ್ ಹೈನ್ ಮಾಡಿದ್ದೂ ಇದೇ ಕೆಲಸ.

ಬಲವಂತದ ದುಡಿಮೆಯಲ್ಲಿ 33 ಲಕ್ಷ ಮಕ್ಕಳಿದ್ದಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಅದರ ಜೊತೆಗಾರರು 2022ರಲ್ಲಿ ಅಂದಾಜಿಸಿದರು. ಆ ಅಂಕಿ ಬಂದ ದಿನ ಬಹುತೇಕ ಪತ್ರಿಕೆಗಳು ಅದನ್ನು ಓದಿ ಪಕ್ಕಕ್ಕಿಟ್ಟವು, ನಾವೂ ಸೇರಿ. ಬರೆದಾಗಲೂ ಜೊತೆಗೆ ಸಂಕೋಲೆ ತೊಟ್ಟ ಪುಟ್ಟ ಕೈಗಳ ಚಿತ್ರವೊಂದನ್ನು ಅಂಟಿಸುವುದು ನಮ್ಮವರ ಅಭ್ಯಾಸವಾಗಿಬಿಟ್ಟಿದೆ. ಅದನ್ನು ಕಂಡವರು ಸಂಕೋಲೆಯನ್ನು ಹುಡುಕುತ್ತಾರೆ. ಹೊಸ ಬೂಟು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕಲೆಯನ್ನು ಭಾಷಣಗಳ ನಡುವಿನ ಬಿಡುವು ತುಂಬುವ ಅಲಂಕಾರವೆಂದು ತಿಳಿದ ಆಯೋಜಕರಿಂದ ಹಿಡಿದು, ಪರೀಕ್ಷೆ ಹತ್ತಿರವಾಯಿತೆಂದು ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಎತ್ತಿಕೊಡುವ ಶಾಲೆಗಳವರೆಗೆ ಎಲ್ಲರ ಮೇಲೂ ನನಗೆ ಈ ವಿಷಯದಲ್ಲಿ ಸಿಟ್ಟಿದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 35ನೆಯ ವಿಧಿ ಮಕ್ಕಳ ಮಾರಾಟವನ್ನು ತಡೆಯಿರಿ ಎನ್ನುತ್ತದೆ. ಅದೇ ಒಡಂಬಡಿಕೆಯ 31ನೆಯ ವಿಧಿ ಆಟ ಮತ್ತು ಕಲೆ ಮಗುವಿನ ಹಕ್ಕು ಎನ್ನುತ್ತದೆ. ಒಂದನ್ನು ಕೊಡಲು ಇನ್ನೊಂದನ್ನು ಕಸಿಯಬೇಕೆಂದು ನೀವು ಭಾವಿಸಿದ್ದೇ ನನಗೆ ನೋವಿನ ಸಂಗತಿ.

ಇನ್ನು ಆ ಚಿತ್ರ. ನೀವು ಅದನ್ನು ಗಮನಿಸಿ ನೋಡಿದ್ದೀರಿ, ಅದಕ್ಕೆ ಕೃತಜ್ಞತೆಗಳು. ನೀಲಿ ಬಾಗಿಲು, ಅದರ ಚಿಲಕ ಒಳಬದಿಗೆ. ಚಿಲಕವನ್ನು ಮಾತ್ರ ಆಕೆ ಮೂರು ಸಲ ಒರೆಸಿ ಮತ್ತೆ ಬಿಡಿಸಿದ್ದಾಳೆ. ಮೂಲ ಕಾಗದದಲ್ಲಿ ಆ ಜಾಗ ಸವೆದು ತೆಳುವಾಗಿದೆ. ಉತ್ಸವಕ್ಕೆ ಬಂದ ಛಾಯಾಗ್ರಾಹಕರೊಬ್ಬರು ಆಕೆಯನ್ನು ಚಿತ್ರದ ಪಕ್ಕ ನಿಲ್ಲಿಸಿ "ಸ್ವಲ್ಪ ಸಪ್ಪೆ ಮುಖ ಮಾಡು" ಎಂದಾಗ ಅಲ್ಲಿದ್ದ ಕಾರ್ಯಕರ್ತೆ ಅವರನ್ನು ಹೊರಗೆ ಕಳಿಸಿದರು. ಒಮ್ಮೆ ಪ್ರಕಟವಾದ ಹೆಸರನ್ನು ಯಾರೂ ಹಿಂದಕ್ಕೆ ಪಡೆಯಲಾರರು, ಆಕೆಯನ್ನು ಮಾರಿದವರೂ ಪತ್ರಿಕೆ ಓದುತ್ತಾರೆ. ಆದ್ದರಿಂದ ಹೆಸರು ಕೊಡಲಾರೆವು, ಫೋಟೋ ಹಾಕಲಾರೆವು. ಮುಂದೊಂದು ದಿನ, ದೊಡ್ಡವಳಾದ ಮೇಲೆ, ಆಕೆಗೇ ತನ್ನ ಹೆಸರಿನಲ್ಲಿ ಬರೆಯಬೇಕೆನಿಸಿದರೆ ಅದಕ್ಕೂ ನಾಲ್ಕು ಪುಟ ಕೊಡುತ್ತೇವೆ.

— ಸಂಪಾದಕ