ಮೆತ್ತಗಿದ್ದರೆ ಸಾಲದು, ತೆಳ್ಳಗೂ ಇರಬೇಕು

ಓದುಗರ ಪತ್ರ: ಮೆದುಳಿನ ಇಂಪ್ಲಾಂಟ್‌ಗಳ (ಒಳಗೆ ಅಳವಡಿಸುವ ಸಾಧನಗಳ) ಬಗೆಗಿನ ನಿಮ್ಮ ಲೇಖನದಲ್ಲಿ, ಗಡಸು ಸಿಲಿಕಾನ್ ಸೂಜಿಗಳ ಸುತ್ತ ಗಾಯದ ಅಂಗಾಂಶ ಬೆಳೆಯುತ್ತದೆ ಎಂದು ಓದಿದೆ. ಹಾಗಾದರೆ ಎಲ್ಲವನ್ನೂ ಸಿಲಿಕೋನ್ ರಬ್ಬರಿನಲ್ಲೇ ಏಕೆ ಮಾಡಬಾರದು? ನಮ್ಮ ಪ್ರಾಜೆಕ್ಟ್‌ಗಾಗಿ 200 ಮೈಕ್ರಾನ್ ದಪ್ಪದ ಸಿಲಿಕೋನ್ ಹಾಳೆಯ ಮೇಲೆ ಚಿನ್ನದ ಪದರ ಹಾಕಿದೆವು. ಪೆನ್ಸಿಲ್‌ಗೆ ಸುತ್ತುತ್ತಲೇ ಸಂಪರ್ಕ ಕಡಿದುಹೋಯಿತು.
– ಎಂಜಿನಿಯರಿಂಗ್ ವಿದ್ಯಾರ್ಥಿ

ಸಂಪಾದಕರ ಉತ್ತರ: ರಬ್ಬರು ಮೆತ್ತಗಿರುವುದು ನಿಜ. ಮೆದುಳಿನ ಯಂಗ್ ಗುಣಾಂಕ (ವಸ್ತು ಎಷ್ಟು ಗಡಸು ಎಂಬುದರ ಅಳತೆ) ಸುಮಾರು 1,000 ಪ್ಯಾಸ್ಕಲ್ ಆದರೆ ಸಿಲಿಕೋನಿನದು 10 ಲಕ್ಷ, ಪಾಲಿಇಮೈಡ್ ಎಂಬ ಪ್ಲಾಸ್ಟಿಕ್‌ನದು ಸುಮಾರು 300 ಕೋಟಿ, ಸಿಲಿಕಾನಿನದು 15,000 ಕೋಟಿಯ ಆಸುಪಾಸು. ಆದರೆ ಹಾಳೆ ಎಷ್ಟು ಸಲೀಸಾಗಿ ಬಾಗುತ್ತದೆ ಎಂಬುದು ಗುಣಾಂಕವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಅದನ್ನು ದಪ್ಪದ ಘನದಿಂದಲೂ (ದಪ್ಪ × ದಪ್ಪ × ದಪ್ಪ) ಗುಣಿಸಬೇಕು. ಲೆಕ್ಕ ಹಾಕಿ ನೋಡಿ: ನಿಮ್ಮ 200 ಮೈಕ್ರಾನ್ ರಬ್ಬರಿಗಿಂತ 5 ಮೈಕ್ರಾನ್ ಪಾಲಿಇಮೈಡ್ ಹಾಳೆ ಸುಮಾರು 20 ಪಟ್ಟು ಸುಲಭವಾಗಿ ಬಾಗುತ್ತದೆ! ಮೆದುಳಿನೊಳಗೆ ಇಳಿಯುವ ಎಳೆಗಳಿಗೆ ತೆಳು ಪಾಲಿಇಮೈಡೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ನಿಮ್ಮ ಚಿನ್ನ ಕಡಿದುಹೋದದ್ದಕ್ಕೂ ದಪ್ಪವೇ ಕಾರಣ. ಬಾಗಿದ ಹಾಳೆಯ ಹೊರಮೈ ಹಿಗ್ಗುವ ಪ್ರಮಾಣ ಎಂದರೆ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. ಪೆನ್ಸಿಲಿನ ತ್ರಿಜ್ಯ ಸುಮಾರು 3.5 ಮಿ.ಮೀ. ಎಂದಿಟ್ಟುಕೊಂಡರೆ ನಿಮ್ಮ ಹಾಳೆಯ ಮೇಲ್ಮೈ ಶೇ 3ರಷ್ಟು ಹಿಗ್ಗಿದೆ. ಸಾಮಾನ್ಯ ಚಿನ್ನದ ಪದರ ಶೇ 1–2ಕ್ಕೇ ಬಿರಿಯುತ್ತದೆ. ಚಿನ್ನದ ಮೇಲೆ ಅಷ್ಟೇ ದಪ್ಪದ ಇನ್ನೊಂದು ಸಿಲಿಕೋನ್ ಪದರ ಹೊದಿಸಿದರೆ ಲೋಹ ನಟ್ಟನಡುವೆ ಬರುತ್ತದೆ, ಬಾಗಿಸಿದಾಗ ಅಲ್ಲಿ ಹಿಗ್ಗೂ ಇಲ್ಲ ಕುಗ್ಗೂ ಇಲ್ಲ. ಎಲೆಕ್ಟ್ರೋಡ್ (ಅಂಗಾಂಶವನ್ನು ಮುಟ್ಟುವ ಲೋಹದ ಬಿಂದು) ಇರುವ ಕಡೆ ಮಾತ್ರ ಕಿಂಡಿ ಬಿಡಿ.

ಹಾಗೆಂದು ರಬ್ಬರನ್ನು ಬಿಟ್ಟುಬಿಡಬೇಕಿಲ್ಲ. ಪಾಲಿಇಮೈಡ್ ಬಾಗುತ್ತದೆ, ಹಿಗ್ಗುವುದಿಲ್ಲ. ಕತ್ತು ಬಗ್ಗಿಸಿದಾಗ ಬೆನ್ನುಹುರಿ ಉದ್ದಕ್ಕೆ ಎಳೆಯಲ್ಪಡುತ್ತದೆ; ಅಲ್ಲಿಗೆ ಹಿಗ್ಗುವ ವಸ್ತುವೇ ಬೇಕು. ಸ್ವಿಟ್ಜರ್ಲೆಂಡಿನ ಲೋಸಾನ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಬೆನ್ನುಹುರಿಯ ಇಂಪ್ಲಾಂಟ್ ‘ಇ-ಡ್ಯೂರಾ’ 120 ಮೈಕ್ರಾನ್ ಸಿಲಿಕೋನಿನದು. ಅದರ ಚಿನ್ನ ಬರೀ 35 ನ್ಯಾನೊಮೀಟರ್ ದಪ್ಪ, ಮೈತುಂಬ ಸೂಕ್ಷ್ಮ ಬಿರುಕು. ಎಳೆದಾಗ ಬಿರುಕುಗಳು ಬಾಯಿ ತೆರೆಯುತ್ತವೆ, ಆದರೆ ನಡುನಡುವಿನ ಚಿನ್ನದ ಜಾಲ ಕೂಡಿಯೇ ಇರುತ್ತದೆ. ಚಿನ್ನ ದಪ್ಪವಾಯಿತೋ, ಸಣ್ಣ ಬಿರುಕುಗಳ ಬದಲು ಅಡ್ಡಡ್ಡ ಸೀಳುಗಳು ಬಿದ್ದು ವಿದ್ಯುತ್ತಿನ ದಾರಿ ಮುಚ್ಚುತ್ತದೆ.

ಸಿಲಿಕೋನ್ ಅಲ್ಲಲ್ಲಿ ಅಂಟಂಟಾಗಿ ಉಳಿದಿದ್ದರೆ ಲೇಟೆಕ್ಸ್ ಗ್ಲೌಸ್ ಮೇಲೆ ಅನುಮಾನಪಡಿ. ಅದರಲ್ಲಿರುವ ಗಂಧಕ, ರಬ್ಬರನ್ನು ಗಟ್ಟಿಯಾಗಿಸುವ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸುತ್ತದೆ. ಮೂಲ ದ್ರವ 10 ಭಾಗ, ಗಟ್ಟಿಯಾಗಿಸುವ ದ್ರವ 1 ಭಾಗ, ಎರಡನ್ನೂ ತೂಕದಲ್ಲೇ ಅಳೆಯಿರಿ. ಚೆನ್ನಾಗಿ ಕಲಸಿ, ನಿರ್ವಾತದಲ್ಲಿ ಗುಳ್ಳೆ ತೆಗೆದು, 80 ಡಿಗ್ರಿಯಲ್ಲಿ ಎರಡು ಗಂಟೆ ಓವನ್‌ನಲ್ಲಿಡಿ.

ಸಿಲಿಕೋನ್ ನೀರಾವಿಯನ್ನು ಧಾರಾಳವಾಗಿ ಒಳಬಿಡುತ್ತದೆ. ಲೋಹವನ್ನು ಕಾಯುವುದು ಸಿಲಿಕೋನಿನ ದಪ್ಪವಲ್ಲ, ಪದರಗಳು ಬಿಗಿಯಾಗಿ ಅಂಟಿಕೊಂಡಿರುವುದು. ಪದರಗಳ ನಡುವೆ ಬೆರಳಚ್ಚಿನ ಉಪ್ಪು ಇದ್ದರೂ ಅಲ್ಲಿ ನೀರು ಸೇರಿ ಸೋರಿಕೆ ಶುರುವಾಗುತ್ತದೆ. ಆದ್ದರಿಂದ ಎರಡನೇ ಪದರಕ್ಕೆ ಮೊದಲು ಮೇಲ್ಮೈಗೆ ಆಕ್ಸಿಜನ್ ಪ್ಲಾಸ್ಮಾ (ವಿದ್ಯುತ್ತಿನಿಂದ ಅಯಾನೀಕರಿಸಿದ ಆಮ್ಲಜನಕ) ಕೊಟ್ಟು ತಡಮಾಡದೆ ಮುಚ್ಚಿ.

ಮೆತ್ತನೆ ಹಾಳೆ ಗಡಸು ಕನೆಕ್ಟರಿಗೆ ಸೇರುವ ಗೆರೆ ಇನ್ನೊಂದು ದುರ್ಬಲ ಜಾಗ; ಎಳೆತವೆಲ್ಲ ಅಲ್ಲೇ ಬಂದು ನಿಲ್ಲುತ್ತದೆ. ಸಿಲಿಕೋನನ್ನು ಆ ಗೆರೆಯಾಚೆಗೂ ಕೆಲವು ಮಿ.ಮೀ. ಹರಡಿ, ದಪ್ಪ ಇಳಿಜಾರಾಗಿ ಕಡಿಮೆಯಾಗುವಂತೆ ಮಾಡಿ.

ಕೊನೆಗೆ ಉಪ್ಪುನೀರಿನ ಪರೀಕ್ಷೆ. 60 ಡಿಗ್ರಿಯಲ್ಲಿ ನೆನೆಸಿಟ್ಟರೆ, ಪ್ರತಿ 10 ಡಿಗ್ರಿ ಏರಿಕೆಗೆ ಹಾಳಾಗುವ ವೇಗ ಇಮ್ಮಡಿ ಎಂಬ ರೂಢಿಯ ಲೆಕ್ಕದಲ್ಲಿ, 75 ದಿನ ದೇಹದೊಳಗಿನ ಸುಮಾರು ಒಂದು ವರ್ಷಕ್ಕೆ ಸಮ. ವಾರಕ್ಕೊಮ್ಮೆ 1 ಕಿಲೋಹರ್ಟ್ಸ್‌ನಲ್ಲಿ ಪ್ರತಿ ಎಲೆಕ್ಟ್ರೋಡಿನ ಇಂಪೀಡೆನ್ಸ್ (ಪರ್ಯಾಯ ವಿದ್ಯುತ್ತಿಗೆ ಒಡ್ಡುವ ತಡೆ) ಅಳೆದು ಬರೆದಿಡಿ. ಅದು ಒಮ್ಮೆಗೇ ಹಲವು ಪಟ್ಟು ಏರಿದರೆ ತಂತಿ ಕಡಿದಿದೆ. ಸತತವಾಗಿ ಇಳಿಯುತ್ತಿದ್ದರೆ ನಿರೋಧಕ ಪದರ ಸೋರುತ್ತಿರುವ ಸಾಧ್ಯತೆ ಹೆಚ್ಚು.