ರಾರಾಮುರಿಗಳು ಅಷ್ಟು ದೂರ ಓಡುವುದು ಹುಟ್ಟುಗುಣದಿಂದಲೇ?

ಮೆಕ್ಸಿಕೋದ ರಾರಾಮುರಿ ಬುಡಕಟ್ಟಿನವರು ಹುಟ್ಟಿನಿಂದಲೇ ಓಟಗಾರರೇ ಎಂದು ಕೇಳಿದ್ದೀರಿ. ಅಲ್ಲವೆಂದೇ ನನ್ನ ಅಭಿಪ್ರಾಯ. ಆ ಮಾತು ಹೊಗಳಿಕೆಯಂತೆ ಕೇಳಿಸಿದರೂ ಅವರು ಪಡುವ ಶ್ರಮವನ್ನು ಮರೆಮಾಚುತ್ತದೆ.

ಚಿವಾವಾ ರಾಜ್ಯದ ಆಳವಾದ ಕಣಿವೆಗಳಲ್ಲಿ ಚದುರಿದಂತೆ ಬಾಳುವ ಇವರಿಗೆ, ಹೊಲಕ್ಕಾಗಲಿ ನೆಂಟರ ಮನೆಗಾಗಲಿ ಹೋಗಬೇಕೆಂದರೆ ಕಡಿದಾದ ಏರಿಳಿತಗಳನ್ನು ದಾಟಲೇಬೇಕಾದ್ದರಿಂದ, ಚಿಕ್ಕಂದಿನಲ್ಲೇ ಕಾಲುಗಳು ಪಳಗುತ್ತವೆ. ಗಂಡಸರ ‘ರಾರಾಹಿಪಾರಿ’ ಓಟದಲ್ಲಿ ಎರಡು ತಂಡಗಳು ಮರದ ಚೆಂಡನ್ನು ಪಾದದ ತುದಿಯಿಂದ ಎತ್ತಿ ಮುಂದಕ್ಕೆ ಚಿಮ್ಮುತ್ತ, ಅದು ಬಿದ್ದಲ್ಲಿಗೆ ಓಡುತ್ತ, ಒಮ್ಮೊಮ್ಮೆ ಇಡೀ ರಾತ್ರಿ ಸಾಗುತ್ತವೆ. ಕತ್ತಲಾದಾಗ ಊರವರು ಪಂಜು ಹಿಡಿದು ಜೊತೆಗೂಡುತ್ತಾರೆ. ಹೆಂಗಸರು ಚೆಂಡಿನ ಬದಲು ಬಳೆಯಂಥ ಚಿಕ್ಕ ಸಿಂಬೆಯನ್ನು ಕೋಲಿನಿಂದ ಎಸೆಯುತ್ತಾರೆ. ಬಾಜಿ ಕಟ್ಟುವುದೂ ಉಂಟು. ಆದರೂ ಅವರ ಪಾಲಿಗೆ ಓಟವು ಪ್ರಾರ್ಥನೆಯೂ ಹೌದು, ಇದನ್ನು ಕಡೆಗಣಿಸಿ ಬರೀ ಸ್ನಾಯುಬಲವನ್ನು ಅಳೆದರೆ ಮುಖ್ಯವಾದದ್ದೇ ಕೈತಪ್ಪುತ್ತದೆ.

ದೂರದ ಓಟಕ್ಕೆ ನೆರವಾಗುವ, ಧಾರಾಳವಾಗಿ ಬೆವರಿ ಮೈ ತಂಪಾಗಿಸಿಕೊಳ್ಳುವ ಚರ್ಮ, ಸ್ಪ್ರಿಂಗಿನಂತೆ ಪುಟಿಯುವ ಹಿಮ್ಮಡಿಯ ಸ್ನಾಯುರಜ್ಜು ಮನುಷ್ಯರೆಲ್ಲರ ಸೊತ್ತು. ಜಿಂಕೆ ದಣಿದು ಕುಸಿಯುವವರೆಗೂ ಬೆನ್ನಟ್ಟುವ ಬೇಟೆ ರಾರಾಮುರಿಗಳಲ್ಲಿ ಮಾತ್ರವಲ್ಲ, ಆಫ್ರಿಕಾದ ಕಲಹಾರಿ ಮರುಭೂಮಿಯ ಸಾನ್ ಜನರಲ್ಲೂ ಇತ್ತು.

1993ರಲ್ಲಿ ಅಮೆರಿಕದ ಲೆಡ್‌ವಿಲ್‌ನ 100 ಮೈಲಿ ಓಟವನ್ನು ಗೆದ್ದ ರಾರಾಮುರಿ ಓಟಗಾರ ವಿಕ್ಟೋರಿಯಾನೋ ಚುರ್ರೋ ಅವರಿಗೆ ಆಗ 55 ವರ್ಷ. 2017ರಲ್ಲಿ ಅದೇ ಬುಡಕಟ್ಟಿನ ಲೊರೆನಾ ರಾಮಿರೆಸ್ ಅವರು ಮೆಕ್ಸಿಕೋದ ಪ್ವೆಬ್ಲಾದಲ್ಲಿ 50 ಕಿ.ಮೀ. ಓಟದ ಮಹಿಳಾ ವಿಭಾಗವನ್ನು ಗೆದ್ದದ್ದು ತಮ್ಮ ಎಂದಿನ ಲಂಗ ಮತ್ತು ಚಪ್ಪಲಿಯಲ್ಲೇ.