ಎಂಟು ತಿಂಗಳಾದರೂ ಗಿಟಾರ್‌ನಲ್ಲಿ ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬರುತ್ತಿಲ್ಲ. ನನ್ನ ಬೆರಳು ಗಿಡ್ಡ, ಎಲೆಕ್ಟ್ರಿಕ್ ಗಿಟಾರ್ ತಗೊಳ್ಳಲಾ?

ಬೇಡ. ನಿಮ್ಮ ತೊಂದರೆ ಎಫ್ ಕಾರ್ಡ್ ಅಲ್ಲ ಅಂತ ನನಗನ್ನಿಸುತ್ತದೆ. ಪ್ರಶ್ನೆಯ ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: "ಒಬ್ಬನೇ ನುಡಿಸಿದರೆ ಹಾಡು ಚೆನ್ನಾಗಿ ಬರುತ್ತದೆ, ಯಾರಾದರೂ ಜೊತೆಗೆ ಹಾಡಿದರೆ ಎಲ್ಲ ತಪ್ಪುತ್ತದೆ." ಅದನ್ನು ಓದಿದ ಕೂಡಲೇ ನನ್ನ ಮೊದಲ ಮೂರು ವರ್ಷ ಕಣ್ಣ ಮುಂದೆ ಬಂತು.

ನಾನು ವಿಡಿಯೋ ನೋಡಿಕೊಂಡು ಕಲಿತವನು. ದಿನಾ ಎರಡು ಗಂಟೆ ಕೂರುತ್ತಿದ್ದೆ. ಪ್ರತಿ ಕಾರ್ಡೂ ಶುದ್ಧವಾಗಿ ಕೇಳಿಸಬೇಕು, ಒಂದು ತಂತಿಯೂ ಮಂಕಾಗಬಾರದು ಅನ್ನೋದೇ ನನ್ನ ಹಟ. ಒಂದು ಸಂಜೆ ಅಕ್ಕ ಪಕ್ಕದಲ್ಲಿ ಕೂತು ಹಾಡೋಕೆ ಶುರುಮಾಡಿದಳು. ಜಿ ಕಾರ್ಡ್‌ನಿಂದ ಸಿ ಕಾರ್ಡ್‌ಗೆ ಹೋಗುವ ಜಾಗ ಬಂತು. ಅವಳು ಮುಂದಿನ ಪದ ಹಿಡಿದಾಗಿತ್ತು, ನಾನಿನ್ನೂ ಬೆರಳು ಜೋಡಿಸುತ್ತಿದ್ದೆ. ಮತ್ತೆ ಮೊದಲಿಂದ. ಮತ್ತೆ ಅಲ್ಲೇ. ನಾಲ್ಕನೇ ಸಲ ಅವಳು ಹಾಡು ನಿಲ್ಲಿಸಿ ಕೇಳಿದಳು, "ಪ್ರತಿ ಸಲ ಅಲ್ಲೇ ಯಾಕೋ ನಿಲ್ಲಿಸ್ತೀಯ? ನಾನು ಉಸಿರು ಹಿಡ್ಕೊಂಡು ಕಾಯ್ಬೇಕಾ?"

ಅವಳಿಗೇ ತಾಳ ತಪ್ಪುತ್ತಿದೆ ಅಂದುಕೊಂಡಿದ್ದೆ. ಅದನ್ನು ತೋರಿಸೋಕೆ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಆಮೇಲೆ ಮೇಜಿನ ಮೇಲೆ ಬೆರಳು ತಟ್ಟುತ್ತಾ ಕೇಳಿದೆ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಒಂದು ಬರಬೇಕಾದ ಕಡೆ ಖಾಲಿ. ಸಣ್ಣದೊಂದು ಸದ್ದಿಲ್ಲದ ಜಾಗ, ಅದಾದ ಮೇಲೆ ಒಂದು. ಇಡೀ ಹಾಡಿನಲ್ಲಿ ಕಾರ್ಡ್ ಬದಲಾದಲ್ಲೆಲ್ಲ ಅದೇ.

ಆಗಿದ್ದು ಇಷ್ಟು: ಎಡಗೈ ಮುಂದಿನ ಕಾರ್ಡ್ ಹಿಡಿಯುವವರೆಗೆ ನನ್ನ ಬಲಗೈ ಕಾಯುತ್ತಿತ್ತು. ಒಬ್ಬನೇ ಇದ್ದಾಗ ಅದು ಗೊತ್ತೇ ಆಗೋದಿಲ್ಲ. ಯಾಕಂದ್ರೆ ಹಾಡು ಮನಸ್ಸಿನಲ್ಲಿ ಓಡುತ್ತಿರುತ್ತದೆ, ಕೈ ನಿಂತರೆ ಮನಸ್ಸೂ ನಿಂತು ಕಾಯುತ್ತದೆ. ಕಿವಿಗೆ ಎಲ್ಲ ಸರಿಯಾಗೇ ಕೇಳಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಹಾಡಿನಲ್ಲಿ 40 ಸಲ ಕಾರ್ಡ್ ಬದಲಾಗುತ್ತದೆ ಅಂದುಕೊಳ್ಳಿ. ದಿನಕ್ಕೆ 10 ಸಲ ಆ ಹಾಡು ನುಡಿಸಿದರೆ, ದಿನಕ್ಕೆ 400 ಸಲ ನಿಲ್ಲಿಸೋದನ್ನೇ ಅಭ್ಯಾಸ ಮಾಡಿದ ಹಾಗಾಯಿತು. ಮೂರು ವರ್ಷ ನಾನು ಮಾಡಿದ್ದು ಅದನ್ನೇ. ಕಾರ್ಡುಗಳ ಜೊತೆಗೆ ಆ ನಿಲುಗಡೆಯನ್ನೂ ಕಲಿತುಬಿಟ್ಟಿದ್ದೆ. ಬೆರಳು ಬೇಗ ಬೇಗ ಓಡೋಕೆ ಕಲಿತ ಮೇಲೂ ಕೈ ಅಲ್ಲಿ ನಿಲ್ಲುತ್ತಿತ್ತು. ನಿಲ್ಲುವ ಅಗತ್ಯ ಇರಲಿಲ್ಲ, ಆದರೂ ನಿಲ್ಲುತ್ತಿತ್ತು. ಇದು ನನಗೆ ತುಂಬಾ ನೋವು ಕೊಟ್ಟ ವಿಷಯ. ಸೋಮಾರಿತನದಿಂದ ಹಾಳಾಗಿದ್ದರೆ ಒಪ್ಪಿಕೊಳ್ಳಬಹುದಿತ್ತು. ನಾನು ಶ್ರದ್ಧೆಯಿಂದ ಕೂತು ತಪ್ಪನ್ನು ಗಟ್ಟಿ ಮಾಡಿಕೊಂಡಿದ್ದೆ.

ಬಿಡಿಸಿಕೊಳ್ಳೋಕೆ ನಾಲ್ಕು ತಿಂಗಳು ಹಿಡಿಯಿತು. ಹಾಡುಗಳನ್ನೆಲ್ಲ ಪಕ್ಕಕ್ಕಿಟ್ಟೆ. ಎರಡೇ ಕಾರ್ಡ್ ಇಟ್ಟುಕೊಂಡೆ, ಎ ಮೈನರ್ ಮತ್ತು ಸಿ. ಇವೆರಡರ ನಡುವೆ ತೋರುಬೆರಳು, ನಡುಬೆರಳು ಕದಲುವುದೇ ಬೇಡ. ಉಂಗುರದ ಬೆರಳೊಂದು ಮೂರನೇ ತಂತಿಯ ಎರಡನೇ ಫ್ರೆಟ್‌ನಿಂದ ಐದನೇ ತಂತಿಯ ಮೂರನೇ ಫ್ರೆಟ್‌ಗೆ ಹೋದರೆ ಸಾಕು. (ತಂತಿ ಎಣಿಸೋದು ತೆಳ್ಳನೆಯದರಿಂದ. ಫ್ರೆಟ್ ಅಂದ್ರೆ ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ.) ತಾಳ ತಟ್ಟುವ ಮೆಟ್ರೋನೋಮ್‌ ಅನ್ನು ನಿಮಿಷಕ್ಕೆ 50 ಬೀಟ್‌ಗೆ ಇಟ್ಟೆ. ಅಂದ್ರೆ ಒಂದು ಬೀಟ್‌ಗೆ 1.2 ಸೆಕೆಂಡು. ಅಷ್ಟು ನಿಧಾನ ನುಡಿಸೋದು ಹಿಂಸೆ ಅನಿಸುತ್ತದೆ, ಆದರೂ ಏರಿಸಬೇಡಿ. ನಿಯಮ ಒಂದೇ: ಏನೇ ಆದರೂ ಬಲಗೈ ಮೇಲೆ ಕೆಳಗೆ ಓಡುತ್ತಲೇ ಇರಬೇಕು. ಕಾರ್ಡ್ ಅರ್ಧ ಹಿಡಿದಿದ್ದರೆ ಅರ್ಧವೇ ಕೇಳಿಸಲಿ. ತಂತಿ ಮಂಕಾದರೆ ಆಗಲಿ. ತಂತಿಗೆ ಹೊಡೆಯದೆ ಇದ್ದರೂ ಕೈ ಗಾಳಿಯಲ್ಲಿ ಆಡಬೇಕು.

ನಾಲ್ಕನೇ ಬೀಟ್ ಆದ ಮೇಲೆ ಕೈ ಮೇಲಕ್ಕೆ ಬರುತ್ತದಲ್ವಾ, ಆ ಅರ್ಧ ಬೀಟ್‌ನಲ್ಲಿ ಎಡಗೈ ಎತ್ತಿಬಿಡಿ. ಖಾಲಿ ತಂತಿಗಳೇ ಕೇಳಿಸಲಿ. ಚೆನ್ನಾಗಿ ನುಡಿಸುವವರ ಕೈಯನ್ನು ಹತ್ತಿರದಿಂದ ನೋಡಿ, ಅವರೂ ಎಷ್ಟೋ ಸಲ ಹೀಗೇ ಮಾಡುತ್ತಾರೆ. ಕೇಳುವವರಿಗೆ ಅದು ತಪ್ಪು ಅನಿಸೋದೇ ಇಲ್ಲ, ಯಾಕಂದ್ರೆ ಲಯ ಮುರಿದಿರುವುದಿಲ್ಲ. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತು. ಶುದ್ಧತೆ ಮೊದಲು, ಲಯ ಆಮೇಲೆ ಅಂತ ಕಲಿಸುವವರ ಮಾತನ್ನು ನಾನಂತೂ ಒಪ್ಪುವುದಿಲ್ಲ.

ನಾಲ್ಕು ತಿಂಗಳಾದ ಮೇಲೆ ಅಕ್ಕನ ಜೊತೆ ಮತ್ತೆ ಅದೇ ಹಾಡಿಗೆ ಕೂತೆ. ಕಾರ್ಡುಗಳು ಅಲ್ಲಲ್ಲಿ ಮಂಕಾದವು. ಅವಳು ಎಲ್ಲೂ ನಿಲ್ಲದೆ ಪೂರ್ತಿ ಹಾಡಿದಳು. ಮುಗಿದ ಕೂಡಲೇ, ಏನೂ ಹೇಳದೆ, ಮುಂದಿನ ಹಾಡು ಶುರುಮಾಡಿದಳು.

ಇನ್ನು ಬೆರಳಿನ ವಿಷಯ. ಜಾಂಗೋ ರೈನ್‌ಹಾರ್ಟ್ ಅನ್ನೋ ಜಾಝ್ ಗಿಟಾರ್ ವಾದಕರಿಗೆ 1928ರಲ್ಲಿ ಬೆಂಕಿ ಅನಾಹುತದಲ್ಲಿ ಎಡಗೈಯ ಕೊನೆಯ ಎರಡು ಬೆರಳು ಸುಟ್ಟು ಸೊಟ್ಟಗಾದವು. ಆಮೇಲೆ ಅವರು ಸೋಲೋಗಳನ್ನು ಹೆಚ್ಚಾಗಿ ಎರಡೇ ಬೆರಳಲ್ಲಿ ನುಡಿಸಿದರು. ನಿಮಗೆ ನಾಲ್ಕೂ ಇವೆ. ಗಿಡ್ಡ ಅನ್ನೋದು ಕಾರಣ ಅಲ್ಲ. ಎಲೆಕ್ಟ್ರಿಕ್‌ನಲ್ಲಿ ತಂತಿ ತೆಳ್ಳಗಿರುತ್ತದೆ, ಒತ್ತೋಕೆ ಸುಲಭ, ಅದು ನಿಜ. ಆ ಸಂಗೀತ ಇಷ್ಟವಿದ್ದರೆ ಧಾರಾಳವಾಗಿ ತಗೊಳ್ಳಿ. ಆದರೆ ನಿಲ್ಲುವ ಕೈ ಅಲ್ಲಿಗೂ ಜೊತೆಗೇ ಬರುತ್ತದೆ.

ಎಫ್ ಬಗ್ಗೆ ಕೇಳಿದ್ದೀರಲ್ಲ, ಹೇಳ್ತೀನಿ. ತೋರುಬೆರಳೊಂದನ್ನೇ ಆರೂ ತಂತಿಗೆ ಅಡ್ಡಲಾಗಿ ಒತ್ತಿ ಹಿಡಿಯುವ ಕಾರ್ಡ್ ಅದು. ಮೊದಲು ಗಿಟಾರ್ ಪರೀಕ್ಷಿಸಿ. ಮೊದಲ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಅದರ ಮುಂದಿನ ಫ್ರೆಟ್‌ನಲ್ಲಿ ಅದೇ ಎಫ್ ಆಕಾರ ಹಿಡಿಯಿರಿ. ತಟ್ಟನೆ ಹಗುರವಾಯಿತಾ? ಹಾಗಾದರೆ ನಟ್‌ನಲ್ಲಿ, ಅಂದ್ರೆ ಕತ್ತಿನ ತುದಿಯಲ್ಲಿ ತಂತಿ ಕೂರುವ ಕಚ್ಚುಗಳಿರುವ ಪಟ್ಟಿಯಲ್ಲಿ, ತಂತಿ ತುಂಬಾ ಎತ್ತರದಲ್ಲಿ ಕೂತಿದೆ. ಗಿಟಾರ್ ರಿಪೇರಿ ಮಾಡುವವರು ಆ ಕಚ್ಚುಗಳನ್ನು ಅರದಿಂದ ಉಜ್ಜಿ ತಗ್ಗಿಸಿ ಕೊಡುತ್ತಾರೆ. ನೀವೇ ಉಜ್ಜೋಕೆ ಹೋಗಬೇಡಿ, ಸ್ವಲ್ಪ ಜಾಸ್ತಿ ಇಳಿದರೂ ಖಾಲಿ ತಂತಿ ಮೊದಲ ಫ್ರೆಟ್‌ಗೆ ತಾಗಿ ಜುಂಯ್ ಅನ್ನುತ್ತದೆ.

ಗಿಟಾರ್ ಸರಿಯಿದ್ದರೆ ಅದೇ ಆಕಾರವನ್ನು ಐದನೇ ಫ್ರೆಟ್‌ನಲ್ಲಿ ಶುರುಮಾಡಿ, ಅಲ್ಲಿ ಅದು ಎ ಮೇಜರ್. ನಟ್‌ನಿಂದ ಸ್ವಲ್ಪ ದೂರ ಹೋದರೆ ಒತ್ತೋದು ಸುಲಭ. ತೋರುಬೆರಳನ್ನು ಚಪ್ಪಟೆಯಾಗಿ ಇಡದೆ ಹೆಬ್ಬೆರಳಿನ ಕಡೆಗೆ ಸ್ವಲ್ಪ ವಾಲಿಸಿ, ಅಲ್ಲಿ ಮೂಳೆ ಗಟ್ಟಿ, ಫ್ರೆಟ್‌ಗೆ ಹತ್ತಿರ ಇಡಿ. ಚಿವುಟಿದ ಹಾಗೆ ಒತ್ತಬೇಡಿ, ತೋಳಿನಿಂದ ಹಿಂದಕ್ಕೆ ಎಳೆಯಿರಿ. ಅಲ್ಲಿ ಬಂದ ಮೇಲೆ ಒಂದೊಂದೇ ಫ್ರೆಟ್ ನಟ್‌ನ ಕಡೆಗೆ ಇಳಿಯಿರಿ.

ಅಲ್ಲಿಯವರೆಗೆ ಹಾಡಿನಲ್ಲಿ ಎಫ್ ಬಂದ ಕಡೆ ಎಫ್ ಮೇಜರ್ ಸೆವೆನ್ ಹಿಡಿಯಿರಿ. ತೆಳ್ಳಗಿನ ಕಡೆಯ ನಾಲ್ಕು ತಂತಿ ಮಾತ್ರ, ಮೊದಲನೇ ತಂತಿ ಖಾಲಿ. ಅಕ್ಕ ಹಾಡುವಾಗ ಕೆಲವು ಕಡೆ ನಾನು ಈಗಲೂ ಅದನ್ನೇ ಹಿಡಿಯುತ್ತೇನೆ. ನನಗೆ ಅದರ ನಾದ ಎಫ್‌ಗಿಂತ ಜಾಸ್ತಿ ಇಷ್ಟ.